ಒಕೋಚಾಗೆ ಅರ್ಜೆಂಟೇ ಇಲ್ಲ
ಇವತ್ತು ಊಟ ಮಾಡ್ತಾ ಫೋನ್ ನೋಡ್ತಿದ್ದೆ, ನೈಜೀರಿಯಾದ ಫುಟ್‌ಬಾಲ್ ಆಟಗಾರ ಜೇ-ಜೇ ಒಕೋಚಾನ ಹಳೇ ಗೋಲ್ ಬಂತು.

1993ರದ್ದು, ಜರ್ಮನಿಯ ಫ್ರಾಂಕ್‌ಫರ್ಟ್ ಕ್ಲಬ್ ಪರ ಕಾರ್ಲ್ಸ್‌ರುಹೆ ವಿರುದ್ಧ, ಎದುರಿಗೆ ಗೋಲ್‌ಕೀಪರ್ ಯಾರಪ್ಪಾ ಅಂದ್ರೆ ಮುಂದೆ ಜಗತ್ತಿಗೇ ಹೆಸರಾದ ಆಲಿವರ್ ಕಾನ್!

ಈ ಪುಣ್ಯಾತ್ಮ ಒಕೋಚಾ ಸೀದಾ ಹೊಡೀಬಹುದಿತ್ತು, ಹೊಡೀಲಿಲ್ಲ. ಆ ಕಡೆ ಎಳೆದ, ಈ ಕಡೆ ಎಳೆದ, ಮತ್ತೆ ಆ ಕಡೆ, ಡಿಫೆಂಡರ್‌ಗಳು ಓಡಿ ಬಂದು ಬಂದು ಏಮಾರ್ತಾರೆ, ಕಾನ್ ನೆಲದ ಮೇಲೆ ಹೊರಳಾಡ್ತಾನೆ, ಇವನಿಗೆ ಮಾತ್ರ ಅರ್ಜೆಂಟೇ ಇಲ್ಲ.

ಆಮೇಲೆ 1996ರಲ್ಲಿ ನೈಜೀರಿಯಾ ಜೊತೆ ಒಲಿಂಪಿಕ್ ಚಿನ್ನ, ಪ್ಯಾರಿಸ್, ಬೋಲ್ಟನ್ ಕ್ಲಬ್‌ಗಳು ಎಲ್ಲಾ ಆಯ್ತು ಬಿಡಿ.

ನಂಗನ್ಸಿದ್ದು, ಈಗಿನ ಕೋಚ್ ಆಗಿದ್ರೆ ಇವನನ್ನ ಬೈದು ಬೆಂಚಲ್ಲಿ ಕೂರಿಸ್ತಿದ್ರೇನೋ. ಆಫೀಸಲ್ಲೂ ಅಷ್ಟೇ ಅಲ್ವಾ, ಬೇಗ ಮುಗಿಸ್ದೋನೇ ಜಾಣ. ಖುಷಿಗೆ ಇನ್ನೊಂದ್ ಸುತ್ತು ಹಾಕಿದ್ರೆ ಟೈಮ್‌ವೇಸ್ಟ್ ಅಂತಾರೆ. ಹೋಗ್ರೀ, ನಾನಂತೂ ಒಕೋಚಾ ಪಾರ್ಟಿ!