ಐದು ವರ್ಷದ ಇಂಗ್ಲಿಷ್ ಎಂಎ: ಸೇರುವ ಮೊದಲು ಕೇಳಬೇಕಾದ್ದು, ಸೇರಿದ ಮೇಲೆ ಓದಬೇಕಾದ್ದು

ಇಂಗ್ಲಿಷ್ ಸಾಹಿತ್ಯ ಓದಬೇಕು ಅನ್ನುವ ಆಸೆ ಇಟ್ಟುಕೊಂಡು ಪಿಯುಸಿ ಮುಗಿಸಿದವರಿಗೆ ತುಮಕೂರು, ಕೋಲಾರದ ಕಡೆ ಕಾಣುವ ಮಾಮೂಲಿ ದಾರಿ ಎಂದರೆ ಮೂರು ವರ್ಷ ಬಿಎ, ಆಮೇಲೆ ಎರಡು ವರ್ಷ ಎಂಎ. ಎರಡನ್ನೂ ಒಂದೇ ಪ್ರವೇಶದಲ್ಲಿ ಮುಗಿಸುವುದು ಇಂಟಿಗ್ರೇಟೆಡ್ ಕೋರ್ಸ್. ವರ್ಷ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಎರಡು ದಾರಿಯಲ್ಲೂ ಐದೇ ವರ್ಷ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಲೆಕ್ಕದಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ಎರಡು ವರ್ಷದ ಎಂಎಗೆ 80. ಇಂಟಿಗ್ರೇಟೆಡ್‌ನಲ್ಲಿ ಸಿಗುವ ಲಾಭ ಬೇರೆ. ನಡುವೆ ಇನ್ನೊಂದು ಪ್ರವೇಶ ಪರೀಕ್ಷೆ ಇರುವುದಿಲ್ಲ, ಬಿಎಯಲ್ಲಿ ಓದಿದ್ದನ್ನೇ ಎಂಎಯಲ್ಲಿ ಮತ್ತೆ ಮೊದಲಿನಿಂದ ಓದಿಸುವುದೂ ಕಡಿಮೆ.

ಸೇರುವ ಮೊದಲು ಮೂರು ವಿಷಯ ಕೇಳಿ, ಉತ್ತರ ಬರವಣಿಗೆಯಲ್ಲೇ ಪಡೆಯಿರಿ. ಮೊದಲನೆಯದು, ಮೂರು ವರ್ಷಕ್ಕೆ ಬಿಟ್ಟರೆ ಬಿಎ ಪದವಿ ಕೊಡುತ್ತಾರೆಯೇ? ಮನೆ ಕಷ್ಟಕ್ಕೋ ಆರೋಗ್ಯಕ್ಕೋ ನಾಲ್ಕನೇ ವರ್ಷ ಬಿಡಬೇಕಾಗಿ ಬಂದವರ ಕೈಯಲ್ಲಿ ಪದವಿಯೇ ಇಲ್ಲದಿದ್ದರೆ ಆ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಎರಡನೆಯದು, ಮೊದಲ ಆರು ಸೆಮಿಸ್ಟರ್‌ನ ಶೇಕಡಾವಾರು ಅಂಕ ಬೇರೆಯಾಗಿ, ಕೊನೆಯ ನಾಲ್ಕರದು ಬೇರೆಯಾಗಿ ಸಿಗುತ್ತದೆಯೇ? ಬಿಎಡ್‌ಗೆ ಸಾಮಾನ್ಯ ವರ್ಗಕ್ಕೆ ಶೇ 50 ಬೇಕು, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ಎನ್‌ಇಟಿಗೆ ಎಂಎಯಲ್ಲಿ ಶೇ 55. ಹತ್ತೂ ಸೆಮಿಸ್ಟರ್‌ಗೆ ಒಂದೇ ಸಿಜಿಪಿಎ (ಒಟ್ಟು ಸರಾಸರಿ ಗ್ರೇಡ್) ಹಾಕಿಕೊಟ್ಟರೆ ಅರ್ಜಿ ತುಂಬುವಾಗ ಒದ್ದಾಟ. ಸಿಜಿಪಿಎಯನ್ನು ಶೇಕಡಾಕ್ಕೆ ಇಳಿಸುವ ಸೂತ್ರ ಇರುವ ಪತ್ರವನ್ನು ವಿಶ್ವವಿದ್ಯಾಲಯ ಕೊಡುತ್ತದೆಯೇ ಎಂದೂ ಕೇಳಿಕೊಳ್ಳಿ. ಮೂರನೆಯದು, ಕೊನೆಯ ವರ್ಷ ಸಂಶೋಧನಾ ಪ್ರಬಂಧ (ಡಿಸರ್ಟೇಷನ್) ಬರೆಸುತ್ತಾರೆಯೇ? ಬರೆಸದಿದ್ದರೆ ಐದು ವರ್ಷದ ಓದಿಗೆ ತುದಿಯೇ ಇಲ್ಲ.

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. 2025ರಿಂದ ಪ್ರತಿ ವಿಷಯಕ್ಕೆ 50 ಪ್ರಶ್ನೆ, 60 ನಿಮಿಷ, ಸರಿಗೆ 5 ಅಂಕ, ತಪ್ಪಿಗೆ 1 ಅಂಕ ಕಡಿತ. ಪಿಯುಸಿ ಫಲಿತಾಂಶ ಬರಲಿ ಎಂದು ಕಾಯುತ್ತ ಕೂತರೆ ಅರ್ಜಿಯ ಕೊನೆಯ ದಿನ ದಾಟಿಹೋಗಿರುತ್ತದೆ.

ಇಲ್ಲೇ ಹತ್ತಿರದಲ್ಲಿ ಮೂರು ಮತ್ತು ಎರಡು ಎಂದು ಓದುವವರು ಗಮನಿಸಬೇಕಾದ ಒಂದು ಮಾತಿದೆ. ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರೇ ವರ್ಷ. ಬಿಎಯಲ್ಲಿ ಇಂಗ್ಲಿಷ್ ಎರಡು ರೀತಿ ಇರುತ್ತದೆ: ಎಲ್ಲರೂ ಓದುವ ಭಾಷಾ ಪತ್ರಿಕೆ ಒಂದು, ಐಚ್ಛಿಕ ಇಂಗ್ಲಿಷ್ ಇನ್ನೊಂದು. ಸಾಹಿತ್ಯ ಇರುವುದು ಎರಡನೆಯದರಲ್ಲಿ. ಬಿಎಡ್‌ನಲ್ಲಿ ಇಂಗ್ಲಿಷ್ ಬೋಧನೆಗೂ ಎಂಎಗೂ ಹೊರಡುವವರ ಹತ್ತಿರ ಐಚ್ಛಿಕ ಇಂಗ್ಲಿಷ್ ಇದ್ದರೆ ಒಳ್ಳೆಯದು. ಎಷ್ಟೋ ಕಾಲೇಜುಗಳಲ್ಲಿ ಅದೇ ಇರುವುದಿಲ್ಲ. ಫೀಸು ಕಟ್ಟುವ ಮೊದಲು ವಿಷಯಗಳ ಕಾಂಬಿನೇಷನ್ ನೋಡಿ.

ಇನ್ನು ಓದಿನ ಮಾತು. ಹೆಚ್ಚು ಜನ ಎಡವುವುದು ಪದ್ಯದ ಲಯದಲ್ಲಿ, ಅದಕ್ಕೆ ಕಾರಣ ನಮ್ಮಲ್ಲೇ ಇದೆ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಗುರು-ಲಘು ಗುರುತಿಸಿದ ಕೈ ಇಂಗ್ಲಿಷ್ ಸಾಲಿಗೂ ಅದನ್ನೇ ಹಾಕುತ್ತದೆ. ‘ವಿಂಡೋ’ ತೆಗೆದುಕೊಳ್ಳಿ, ನಮ್ಮ ಲೆಕ್ಕದಲ್ಲಿ ಎರಡೂ ಗುರು. ‘ಸಿಟಿ’ ತೆಗೆದುಕೊಳ್ಳಿ, ಎರಡೂ ಲಘು. ಇಂಗ್ಲಿಷ್ ಕಿವಿಗೆ ಇವೆರಡರ ನಡೆ ಒಂದೇ: ಮೊದಲ ಭಾಗಕ್ಕೆ ಒತ್ತು, ಎರಡನೆಯದು ಸಡಿಲ. ಅಲ್ಲಿ ಎಣಿಸುವುದು ಎಳೆತವನ್ನಲ್ಲ, ಒತ್ತನ್ನು. ಫೋಟೊಗ್ರಾಫ್, ಫೊಟಾಗ್ರಫಿ, ಫೋಟೊಗ್ರಾಫಿಕ್ ಎಂದು ಗಟ್ಟಿಯಾಗಿ ಹೇಳಿ ನೋಡಿ. ಒತ್ತು ಮೊದಲ ಪದದಲ್ಲಿ ಮೊದಲ ಭಾಗಕ್ಕೆ, ಎರಡನೆಯದರಲ್ಲಿ ಎರಡನೆಯದಕ್ಕೆ, ಮೂರನೆಯದರಲ್ಲಿ ಮೂರನೆಯದಕ್ಕೆ ಸರಿಯುತ್ತದೆ. ಇದು ಕಿವಿಗೆ ಬಿದ್ದ ಮೇಲೆ ಐಯಾಂಬಿಕ್ ಪೆಂಟಾಮೀಟರ್ ಕಷ್ಟವಲ್ಲ: ಸಡಿಲ-ಒತ್ತು ಎಂಬ ಜೋಡಿ ಸಾಲಿಗೆ ಐದು ಸಲ. ದಿನಕ್ಕೆ ಹತ್ತು ಸಾಲು ಪೆನ್ಸಿಲ್ ಹಿಡಿದು ಗುರುತು ಹಾಕಿ. ಮಾತಿನಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂದು ನಿಘಂಟಿನಲ್ಲಿ ನೋಡಿ ಹಾಕಿ, ಅಂದಾಜಿಗೆ ಬೇಡ.

ವಾಕ್ಯದ ವಿಷಯದಲ್ಲಿ ಮಾತ್ರ ಕನ್ನಡದವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಮಿಲ್ಟನ್ನನ ಮಹಾಕಾವ್ಯ ‘ಪ್ಯಾರಡೈಸ್ ಲಾಸ್ಟ್’ನ ಮೊದಲ ವಾಕ್ಯ 16 ಸಾಲಿನದು, ಮುಖ್ಯ ಕ್ರಿಯಾಪದ ಬರುವುದು 6ನೇ ಸಾಲಿನಲ್ಲಿ. ಓದುವವರು ಅಲ್ಲಿ ದಾರಿ ತಪ್ಪುತ್ತಾರೆ. ಆದರೆ ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಮೊದಲು ಕ್ರಿಯಾಪದ ಹುಡುಕಿ ಕೆಳಗೆ ಗೆರೆ ಎಳೆಯಿರಿ, ಆಮೇಲೆ ಅದರ ಕರ್ತೃ ಯಾರು ನೋಡಿ, ಉಳಿದದ್ದನ್ನು ಅದಕ್ಕೆ ಕಟ್ಟುತ್ತ ಹೋಗಿ. ಭಾವಾರ್ಥ ಬರೆಯುವುದು ಇದೆಲ್ಲ ಆದ ಮೇಲೆ.

ಕಾದಂಬರಿಗಳದು ಬರೀ ಲೆಕ್ಕ. 400 ಪುಟದ ಕಾದಂಬರಿ ದಿನಕ್ಕೆ 20 ಪುಟದಂತೆ 20 ದಿನ. ಒಂದು ಸೆಮಿಸ್ಟರ್‌ನಲ್ಲಿ ಅಂಥವು ಮೂರಿದ್ದರೆ ಎರಡು ತಿಂಗಳು ಅದಕ್ಕೇ ಹೋಯಿತು. ಗುಬ್ಬಿಯಿಂದಲೋ ಚಿಂತಾಮಣಿಯಿಂದಲೋ ದಿನಾ ಬಸ್ಸಿನಲ್ಲಿ ಓಡಾಡುವವರು ರಜೆಯಲ್ಲೇ ಶುರು ಮಾಡಿ. ಹಳೆಯ ಕೃತಿಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಎಂಎ ಪಾಠಗಳು ಇ-ಪಿಜಿ ಪಾಠಶಾಲಾ ಜಾಲತಾಣದಲ್ಲಿವೆ.

ನಾಲ್ಕನೇ ವರ್ಷ ಥಿಯರಿ, ಅಂದರೆ ಸಾಹಿತ್ಯ ಸಿದ್ಧಾಂತ, ಬರುತ್ತದೆ. ಮೂರು ವರ್ಷ ಗೈಡು, ಝೆರಾಕ್ಸ್ ನೋಟ್ಸ್ ನಂಬಿ ಫಸ್ಟ್ ಕ್ಲಾಸ್ ತೆಗೆದವರು ಕುಸಿಯುವುದು ಇಲ್ಲೇ. ರಚನಾವಾದದಿಂದ ವಸಾಹತೋತ್ತರದವರೆಗೆ ಹತ್ತು ವಾದಗಳ ಸಾರಾಂಶ ಬಾಯಿಪಾಠ ಮಾಡಿರುತ್ತಾರೆ, ಒಂದು ಪದ್ಯ ಮುಂದಿಟ್ಟು ಇದನ್ನು ಆ ಕಣ್ಣಿನಿಂದ ಓದಿ ಎಂದರೆ ಕೈ ಓಡುವುದಿಲ್ಲ. ಸಾರಾಂಶ ಬದಿಗಿಟ್ಟು ಒಂದು ಮೂಲ ಪ್ರಬಂಧವನ್ನು ಮೂರು ಸಲ ಓದಿ. ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ 1967ರಲ್ಲಿ ಬರೆದ ‘ಲೇಖಕನ ಸಾವು’ ಕೆಲವೇ ಪುಟ, ಶುರು ಮಾಡಲು ಒಳ್ಳೆಯದು.

ಪ್ರಬಂಧಕ್ಕೆ ವಿಷಯ ಆರಿಸುವಾಗ ‘ಭಾರತೀಯ ಕಾದಂಬರಿಗಳಲ್ಲಿ ಸ್ತ್ರೀವಾದ’ದಂಥ ಕೆರೆಯಷ್ಟು ಅಗಲದ್ದು ಹಿಡಿಯಬೇಡಿ, ಒಂದು ಬಾವಿ ತೋಡಿ. ಅದಕ್ಕೆ ಬೇಕಾದ ನೆಲ ಈ ಜಿಲ್ಲೆಗಳಲ್ಲೇ ಇದೆ. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಇಂಗ್ಲಿಷ್ ಕವಿತೆಯ ಒತ್ತಿನ ಲಯವನ್ನು ಕನ್ನಡದ ಮಾತ್ರಾಗಣಕ್ಕೆ ಒಗ್ಗಿಸಿದವರು. ಒಂದು ಮೂಲ, ಅವರ ಒಂದು ಅನುವಾದ ಪಕ್ಕಪಕ್ಕ ಇಟ್ಟು ಲಯ ನೋಡಿದರೇ 50 ಪುಟಕ್ಕೆ ಸಾಕು. ಮಾಲೂರು ತಾಲ್ಲೂಕಿನ ಮಾಸ್ತಿಯವರು 1914ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಎಂಎ ಮಾಡಿದವರು, ಶೇಕ್ಸ್‌ಪಿಯರನ ಲಿಯರ್ ನಾಟಕವನ್ನು ಕನ್ನಡಕ್ಕೆ ತಂದವರು. ಆ ನಾಟಕದ ಮೊದಲ ದೃಶ್ಯದಲ್ಲೇ ಕೆಂಟ್ ತನ್ನ ರಾಜನನ್ನು ಗೌರವದಿಂದ ಮಾತಾಡಿಸುತ್ತಿದ್ದವನು ಇದ್ದಕ್ಕಿದ್ದಂತೆ ಏಕವಚನದ ‘ದೌ’ಗೆ ಇಳಿದು ಮುದುಕಾ ಎಂದು ಕರೆಯುತ್ತಾನೆ. ಇಂದಿನ ಇಂಗ್ಲಿಷಿನಲ್ಲಿ ಆ ಭೇದವೇ ಉಳಿದಿಲ್ಲ. ನೀನು-ನೀವು ಬಳಸುವ ನಮಗೆ ಆ ಪೆಟ್ಟು ತಟ್ಟನೆ ತಗಲುತ್ತದೆ. ಅನುವಾದದಲ್ಲಿ ಅದು ಏನಾಗಿದೆ ಎಂದು ಸಾಲು ಸಾಲಾಗಿ ನೋಡಿ ಬರೆಯಿರಿ.

ಉಲ್ಲೇಖಕ್ಕೆ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಪದ್ಧತಿಯ 9ನೇ ಆವೃತ್ತಿ ಬಳಸಿ, ಪುಟಸಂಖ್ಯೆಯನ್ನು ಓದುವಾಗಲೇ ಗುರುತು ಹಾಕಿಕೊಳ್ಳಿ. ಯುಜಿಸಿಯ 2018ರ ನಿಯಮದಂತೆ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. ಶೇ 10 ದಾಟಿ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು.