ಅಪ್ಪ ಅಮ್ಮ ಜರ್ಮನಿಯ ಹಳ್ಳಿಗೆ ಬರುವುದಾದರೆ ಮೊದಲು ಬಾಗಿಲು ತೋರಿಸಿ

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ನಾಲ್ಕು ಡಿಗ್ರಿ ಚಳಿ. ಪಂಚೆ ಉಟ್ಟ ಅಪ್ಪ, ನೈಟಿ ಮೇಲೆ ಶಾಲು ಹೊದ್ದ ಅಮ್ಮ, ಬೇಕರಿ ಚೀಲ ಹಿಡಿದ ನಾನು, ಮೂವರೂ ನಮ್ಮದೇ ಮನೆಯ ಹೊರಗೆ ನಿಂತಿದ್ದೆವು. ಒಳಗೆ ಕುಕ್ಕರ್ ಕೂಗುತ್ತಿತ್ತು. "ಆರಾಯ್ತು," ಅಂದರು ಅಮ್ಮ.

ನಾವಿರುವುದು ದಕ್ಷಿಣ ಜರ್ಮನಿಯ ಶ್ವೇಬಿಷೆ ಆಲ್ಬ್ ಗುಡ್ಡದ ಮೇಲಿನ ಸಣ್ಣ ಹಳ್ಳಿಯಲ್ಲಿ. ಕೆಲಸ ಉಲ್ಮ್ ಪಟ್ಟಣದಲ್ಲಿ, ಬಾಡಿಗೆ ಕಮ್ಮಿ ಅಂತ ಮನೆ ಇಲ್ಲಿ. ಕೆಳಗಿನ ಊರುಗಳಿಗಿಂತ ಆಲ್ಬ್ ಮೇಲೆ ಯಾವಾಗಲೂ ಒಂದು ಕೋಟಿನಷ್ಟು ಜಾಸ್ತಿ ಚಳಿ ಅಂತ ಇಲ್ಲಿಯವರದೇ ಮಾತಿದೆ. ಅದನ್ನು ಫೋನಿನಲ್ಲಿ ಹೇಳಿದ್ದೆ. ಬಾಗಿಲಿನ ವಿಷಯ ಹೇಳಿರಲಿಲ್ಲ.

ಇಲ್ಲಿನ ಮನೆಬಾಗಿಲಿಗೆ ಹೊರಗಡೆ ಹಿಡಿ ತಿರುಗುವುದಿಲ್ಲ. ಬಾಗಿಲು ಮುಚ್ಚಿಕೊಂಡರೆ ಮುಗಿಯಿತು, ಕೀಲಿ ಬೇಕೇ ಬೇಕು. ಅಪ್ಪ ಕಸ ಹಾಕಲು ಹೋದರು. ಸ್ವೆಟರ್ ಹಾಕ್ಕೊಳ್ಳಿ ಅಂತ ಅಮ್ಮ ಹಿಂದೆಯೇ ಹೋದರು. ಗಾಳಿಗೆ ಬಾಗಿಲು ಹಾಕಿಕೊಂಡಿತು. ಬೇಕರಿಯಿಂದ ಬಂದ ನಾನು ಇಬ್ಬರನ್ನೂ ನೋಡಿ ನಕ್ಕೆ, ನನ್ನ ಹತ್ತಿರ ಕೀಲಿ ಇತ್ತಲ್ಲ. ಆದರೆ ಅದು ಒಳಗೇ ಹೋಗಲಿಲ್ಲ. ಅಪ್ಪ ತಮ್ಮ ಕೀಲಿಯನ್ನು ಒಳಗಿನಿಂದ ಬೀಗದಲ್ಲೇ ಬಿಟ್ಟಿದ್ದರು. ಹಳೆಯ ಬೀಗಗಳಲ್ಲಿ ಒಳಗೊಂದು ಕೀಲಿ ಇದ್ದರೆ ಹೊರಗಿನದು ಕೆಲಸ ಮಾಡುವುದಿಲ್ಲ.

ಮೊಬೈಲಿನಲ್ಲಿ ಬೀಗ ತೆಗೆಯುವವರನ್ನು ಹುಡುಕತೊಡಗಿದೆ. ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದಲೇ ತಡೆದರು. ಭಾನುವಾರ ಹಾಗೆ ಸಿಗುವವರಲ್ಲಿ ಕೆಲವರು ನೂರಾರು ಯೂರೋ ಕೀಳುತ್ತಾರಂತೆ. ಕರೆಯಲೇಬೇಕಾದರೆ ದರ ಮೊದಲೇ ಮಾತಾಡಿಕೊಳ್ಳಬೇಕು. ಅವರು ಊರಿನ ಬಡಗಿಯೊಬ್ಬರಿಗೆ ಫೋನ್ ಮಾಡಿದರು. ಆತ ಬಂದು ಬಾಗಿಲ ಸಂದಿಯಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ತೂರಿಸಿ ಎರಡೇ ನಿಮಿಷದಲ್ಲಿ ತೆಗೆದರು. ಕೀಲಿ ತಿರುಗಿಸಿ ಬೀಗ ಹಾಕಿರಲಿಲ್ಲವಾದ್ದರಿಂದ ಬಚಾವ್. ಅಷ್ಟರಲ್ಲಿ ಹನ್ನೊಂದು ಕೂಗಾಗಿತ್ತು. ಬೇಳೆ ಎಲ್ಲಿತ್ತು ಅಂತ ಹುಡುಕಬೇಕಾಯಿತು.

ನಿಮ್ಮ ಮನೆಗೆ ದೊಡ್ಡವರು ಬರುವುದಾದರೆ ಒಂದು ಕೀಲಿ ಪಕ್ಕದ ಮನೆಯಲ್ಲಿ ಇಡಿ. ಒಳಗೆ ಕೀಲಿ ಇದ್ದರೂ ಹೊರಗಿನಿಂದ ತೆರೆಯುವಂಥ ಬೀಗ ಸಿಗುತ್ತದೆ, ಮನೆ ಮಾಲೀಕರನ್ನು ಕೇಳಿ ಹಾಕಿಸಿಕೊಳ್ಳಿ. ನಮ್ಮಮ್ಮ ಮರುದಿನದಿಂದ ಕೀಲಿಯನ್ನು ಸೆರಗಿಗೆ ಪಿನ್ನು ಹಾಕಿಕೊಂಡೇ ಓಡಾಡಿದರು.

ಕಾಗದಪತ್ರದ ಮಾತು ಬೇಗ ಹೇಳಿಬಿಡುತ್ತೇನೆ. ಅಪ್ಪ ಅಮ್ಮನ ಖರ್ಚಿಗೆ ನಾವು ಹೊಣೆ ಅಂತ ಇಲ್ಲಿನ ವಿದೇಶಿಯರ ಕಚೇರಿಯಲ್ಲಿ ಬರೆದುಕೊಡುವ ಪತ್ರಕ್ಕೆ ವೆರ್‌ಪ್ಫ್ಲಿಶ್ಟುಂಗ್ಸ್‌ಎರ್ಕ್ಲೇರುಂಗ್ ಅಂತ ಹೆಸರು. ನಾನು ಫೋನಿನಲ್ಲಿ ಆ ಪದ ಹೇಳಿ ಮುಗಿಸುವಷ್ಟರಲ್ಲಿ ಅಪ್ಪ ಒಂದು ಲೋಟ ಕಾಫಿ ಕುಡಿದಿದ್ದರು. ಅದಕ್ಕೆ 29 ಯೂರೋ. ಸಂಬಳದ ಚೀಟಿಗಳು, ಬಾಡಿಗೆ ಕರಾರು ಬೇಕು. ಮೂಲ ಪ್ರತಿಯನ್ನೇ ಊರಿಗೆ ಕಳಿಸಬೇಕು, ಫೋಟೋ ಸಾಲದು. ವೀಸಾ ಶುಲ್ಕ ಒಬ್ಬರಿಗೆ 90 ಯೂರೋ. ಪ್ರಯಾಣದ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. 30,000 ಯೂರೋಗೆ ಕಮ್ಮಿಯಿಲ್ಲದ ವಿಮೆ ಕಡ್ಡಾಯ. ಆದರೆ ಮೊದಲೇ ಇದ್ದ ಬಿಪಿ, ಶುಗರ್‌ಗಳನ್ನು ಎಷ್ಟೋ ಪಾಲಿಸಿಗಳು ಒಳಗೊಳ್ಳುವುದಿಲ್ಲ. ಆ ಸಣ್ಣ ಅಕ್ಷರ ಓದಿಯೇ ದುಡ್ಡು ಕಟ್ಟಿ. ಇಲ್ಲಿ ಇರುವಷ್ಟು ದಿನಕ್ಕೂ ಆಗುವಷ್ಟು ಮಾತ್ರೆ ತರಲಿ. ವೈದ್ಯರ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಲಿ, ಇಲ್ಲಿ ಬ್ರ್ಯಾಂಡ್ ಬೇರೆ. ರಾತ್ರಿ ಸಣ್ಣಪುಟ್ಟದ್ದಕ್ಕೆ ವೈದ್ಯರು ಬೇಕಾದರೆ 116117, ಜೀವಕ್ಕೆ ಬಂದರೆ 112. ಎರಡನ್ನೂ ಫ್ರಿಜ್ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ದೆ.

ಅಮ್ಮ ಸಾಗರದಿಂದ ಮನೆಯ ತುಪ್ಪ ತರಲು ಹೊರಟಿದ್ದರು. ಹಾಲಿನದು, ಮಾಂಸದ್ದು ಯಾವುದೂ ಇಲ್ಲಿಗೆ ತರುವ ಹಾಗಿಲ್ಲ. ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಬೇಕು. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಐದು ಪ್ಲಾಸ್ಟಿಕ್ ಕವರಿನೊಳಗೆ ಬಂತು. ತುಪ್ಪದ ಜಾಗಕ್ಕೆ ಇಲ್ಲಿ ಬುಟ್ಟರ್‌ಶ್ಮಾಲ್ಟ್ಸ್ ಸಿಗುತ್ತದೆ. ಅಮ್ಮ ಮೂಸಿ ನೋಡಿ "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟ್. ಅಂಗಡಿಯ ನೀರಿನ ಬಾಟಲಿ ಮಾತ್ರ ಪಾಸಾಗಲಿಲ್ಲ: "ಇದೆಂಥ ನೀರು ಮಾರಾಯ್ತಿ, ನಾಲಿಗೆ ಕಚ್ಚುತ್ತೆ!" ಗ್ಯಾಸ್ ಬೇಡವಾದರೆ ಬಾಟಲಿ ಮೇಲೆ 'ಸ್ಟಿಲ್' ಅಂತಿರಬೇಕು. ನಲ್ಲಿ ನೀರೇ ಸಾಕು, ಧಾರಾಳವಾಗಿ ಕುಡಿಯಬಹುದು. ಖಾಲಿ ಪ್ಲಾಸ್ಟಿಕ್ ಬಾಟಲಿ ಮೆಷಿನ್ನಿಗೆ ಹಾಕಿದರೆ 25 ಸೆಂಟ್ ವಾಪಸ್ ಬರುತ್ತದೆ ಅಂತ ಗೊತ್ತಾದ ಮೇಲೆ ಅಪ್ಪ ದಾರಿಯಲ್ಲಿ ಬಿದ್ದಿದ್ದನ್ನೂ ಬಿಡಲಿಲ್ಲ.

ಈಸ್ಟರ್ ಹೊತ್ತಿಗೆ ಕರೆಸಿದ್ದು ನನ್ನ ತಪ್ಪು. ಶುಕ್ರವಾರ ರಜೆ, ಭಾನುವಾರ ರಜೆ, ಸೋಮವಾರವೂ ರಜೆ. ನಡುವೆ ಶನಿವಾರ ಒಂದೇ ದಿನ ಅಂಗಡಿ, ಇಡೀ ಊರೇ ಅಲ್ಲಿ. ಅದರ ಜೊತೆಗೆ ಬಸ್ಸಿನ ಕಥೆ. ಉಲ್ಮ್‌ನ 161 ಮೀಟರ್ ಎತ್ತರದ ಚರ್ಚ್ ತೋರಿಸೋಣ ಅಂತ ಹೊರಟೆವು. ನಲವತ್ತು ನಿಮಿಷ ಕಾದರೂ ಬಸ್ಸಿಲ್ಲ. ವೇಳಾಪಟ್ಟಿಯ ಮೂಲೆಯಲ್ಲಿ ಇದು ಶಾಲೆ ಇರುವ ದಿನ ಮಾತ್ರ ಅಂತ ಒಂದು ಗುರುತು ಇತ್ತು. ಹಳ್ಳಿಗಳಲ್ಲಿ ಎಷ್ಟೋ ಬಸ್ಸು ಮಕ್ಕಳಿಗಾಗಿಯೇ ಓಡುತ್ತವೆ, ಶಾಲೆಗೆ ರಜೆಯಾದರೆ ಬಸ್ಸಿಗೂ ರಜೆ. ಕೆಲವು ಕಡೆ ರೂಫ್‌ಬುಸ್ ಇದೆ. ಅದು ಮೊದಲೇ ಫೋನ್ ಮಾಡಿ ಹೇಳಿದರಷ್ಟೇ ಬರುತ್ತದೆ. ಆ ದಿನ ಚರ್ಚ್ ನೋಡಲಿಲ್ಲ. ಬಸ್‌ಸ್ಟಾಪಿನಲ್ಲೇ ಚಪಾತಿ ತಿಂದು ವಾಪಸ್ ಬಂದೆವು.

ನಿಜವಾಗಿ ಭಯವಾಗಿದ್ದು ಒಂದೇ ಸಲ. ಇಲ್ಲಿನ ಕಾಡಿನಲ್ಲಿ ವಸಂತದಲ್ಲಿ ಬೇರ್‌ಲೌಖ್ ಬೆಳೆಯುತ್ತದೆ. ಹೆಸರಿನ ಅರ್ಥ ಕರಡಿ ಬೆಳ್ಳುಳ್ಳಿ. ಎಲೆಗೆ ಘಮ್ಮೆನ್ನುವ ಬೆಳ್ಳುಳ್ಳಿ ವಾಸನೆ. ಅಜ್ಜಿ ಒಂದು ಹಿಡಿ ಕೊಟ್ಟರು, ಅಮ್ಮ ಮೊಸರು ಹಾಕಿ ತಂಬುಳಿ ಮಾಡಿದರು, ನಾವು ಪಾತ್ರೆ ಬಳಿದು ತಿಂದೆವು. ಮಲೆನಾಡಿನವರಿಗೆ ಸೊಪ್ಪು ಕಂಡರೆ ಕೈ ಸುಮ್ನೆ ಇರುತ್ತದಾ? ಎರಡು ದಿನ ಬಿಟ್ಟು ಅಮ್ಮ ತಾವೇ ಕಾಡಂಚಿಗೆ ಹೋಗಿ ಚೀಲ ತುಂಬ ಕೊಯ್ದು ತಂದರು. ಅಜ್ಜಿ ಚೀಲ ನೋಡಿದವರೇ ಎಲೆ ಒಂದೊಂದಾಗಿ ಹರಡಿ, ಮೂರ್ನಾಲ್ಕನ್ನು ಬೇರೆ ಇಟ್ಟರು. ಅವು ಮೈಗ್ಲೋಕ್‌ಷೆನ್ ಎಂಬ ಗಿಡದ್ದು, ವಿಷ. ನೋಡಲು ಹೆಚ್ಚುಕಮ್ಮಿ ಒಂದೇ ಥರ, ಒಂದೇ ಕಾಡು. ವಾಸನೆ ನೋಡಿ ಗುರುತಿಸುತ್ತೇನೆ ಅಂದರೆ ಅದೂ ಆಗದು. ಎರಡು ಎಲೆ ಕೊಯ್ಯುವಷ್ಟರಲ್ಲಿ ಕೈಗೇ ಬೆಳ್ಳುಳ್ಳಿ ವಾಸನೆ ಹತ್ತಿ, ಎಲ್ಲ ಎಲೆಯೂ ಹಾಗೇ ಅನಿಸುತ್ತದೆ. ಇಡೀ ಚೀಲ ಕಸಕ್ಕೆ ಹೋಯಿತು. ಅಮ್ಮ ಸಂಜೆವರೆಗೆ ಮಾತಾಡಲಿಲ್ಲ. ಅಂಗಡಿಯಲ್ಲಿ ಕಟ್ಟು ಸಿಗುತ್ತದೆ, ಅದನ್ನೇ ತನ್ನಿ.

ಸಂಜೆ ಅಂದೆ, ಅದೂ ಒಂದು ಸಮಸ್ಯೆ. ಮೇ ತಿಂಗಳಲ್ಲಿ ಇಲ್ಲಿ ಹೊತ್ತು ಮುಳುಗುವುದು ರಾತ್ರಿ ಒಂಬತ್ತರ ಹತ್ತಿರ. ದೇವರಿಗೆ ದೀಪ ಯಾವಾಗ ಹಚ್ಚುವುದು? ಊಟ ಆದ ಮೇಲಾ? ಕೊನೆಗೆ ಚರ್ಚಿನ ಸಂಜೆ ಆರರ ಗಂಟೆಗೆ ಹಚ್ಚಲು ಶುರು ಮಾಡಿದರು.

ಟಿಕೆಟ್ ತೆಗೆಯುವ ಮುಂಚೆ ತೋಟದ ಕೆಲಸವನ್ನೂ ಕೇಳಿಕೊಳ್ಳಿ. 90 ದಿನ ಇರಬಹುದಲ್ಲ ಅಂತ ನಾನು ವಾಪಸ್ ಟಿಕೆಟ್ಟನ್ನು ಜುಲೈಗೆ ತೆಗೆದಿದ್ದೆ. ಮೇ ಎರಡನೇ ವಾರದಿಂದಲೇ ಅಪ್ಪ ದಿನಾ ಊರಿನ ಮೋಡದ ಸುದ್ದಿ ಕೇಳತೊಡಗಿದರು. ಮಳೆ ಹಿಡಿಯುವುದರೊಳಗೆ ಅಡಿಕೆಗೆ ಬೋರ್ಡೋ ಅನ್ನುವ ಮೈಲುತುತ್ತ-ಸುಣ್ಣದ ದ್ರಾವಣ ಹೊಡೆಸಬೇಕು, ಇಲ್ಲದಿದ್ದರೆ ಕೊಳೆ ರೋಗ. ದಿನ ಬದಲಿಸಲು ಇಬ್ಬರಿಗೂ ದಂಡ ಕಟ್ಟಿ, ಮೇ ಕೊನೆಗೇ ಹತ್ತಿಸಿ ಕಳಿಸಿದೆ.