ಭದ್ರಾವತಿಗೆ ಬೇಕಿರುವುದು ಕುಲುಮೆಯ ಬೆಂಕಿ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೆಸರು ಇಲ್ಲಿನ ಕಬ್ಬಿಣ-ಉಕ್ಕಿನ ಕಾರ್ಖಾನೆಗಿಂತ ಹಳೆಯದೇ, ಆದರೆ 1923ರ ಜನವರಿಯಲ್ಲಿ ಅದರ ಊದುಕುಲುಮೆ (ಗಾಳಿ ಊದಿ ಅದಿರು ಕರಗಿಸುವ ಕುಲುಮೆ) ಹೊತ್ತಿಕೊಂಡ ಮೇಲೆ ಅದು ಊರಿಗೆ ಚೆನ್ನಾಗಿಯೇ ಒಪ್ಪಿತು.

ಕಲ್ಲಿದ್ದಲು ಸಿಗದ ಸೀಮೆಯಲ್ಲಿ ಕಬ್ಬಿಣ ತೆಗೆಯುವ ಸಾಹಸ ಅದು. ಅದಿರು ಕೆಮ್ಮಣ್ಣುಗುಂಡಿಯದು. ರೋಪ್‌ವೇ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಭದ್ರಾವತಿಗೆ ಬರುತ್ತಿತ್ತು. ಸುಣ್ಣದಕಲ್ಲು ಭಂಡಿಗುಡ್ಡದ್ದು, ನೀರು ಭದ್ರೆಯದು, ಬೀರೂರು–ಶಿವಮೊಗ್ಗ ರೈಲು ಪಕ್ಕದಲ್ಲೇ. ಇಲ್ಲದಿದ್ದುದು ಕಲ್ಲಿದ್ದಲು ಕಾಯಿಸಿ ಮಾಡುವ ಕೋಕ್ ಒಂದೇ. ಅದರ ಜಾಗಕ್ಕೆ ಮಲೆನಾಡಿನ ಕಾಡಿನ ಇದ್ದಿಲು ಬಂತು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಅದಿದೆ: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್.

ಇದ್ದಿಲು ಮಾಡುವುದೆಂದರೆ ಸೌದೆ ಸುಟ್ಟುಬಿಡುವುದಲ್ಲ. ಮೊದಲು ಸೌದೆ ಒಣಗಬೇಕು. ಹಸಿ ಇದ್ದರೆ ಅರ್ಧ ಶಾಖ ನೀರಾರಿಸುವುದಕ್ಕೇ ಹೋಗುತ್ತದೆ. ಆಮೇಲೆ ಅದನ್ನು ಗಾಳಿಯಾಡದ ಪಾತ್ರೆಯಾದ ರಿಟಾರ್ಟ್‌ನೊಳಗೆ ಕಾಯಿಸುತ್ತಾರೆ. ಹೊರಬರುವ ಆವಿಯನ್ನು ತಣಿಸಿದರೆ ಅಸಿಟಿಕ್ ಆಮ್ಲ, ಮೆಥನಾಲ್, ಟಾರು ಸಿಗುತ್ತವೆ. ಉಳಿದ ಇದ್ದಿಲನ್ನೂ ಮುಚ್ಚಿಟ್ಟೇ ಆರಿಸಬೇಕು. ಬಿಸಿ ಇರುವಾಗ ಚೂರು ಗಾಳಿ ತಗುಲಿದರೂ ಹೊತ್ತಿಕೊಂಡು ಬೂದಿಯಾಗುತ್ತದೆ.

ಇದರ ದೊಡ್ಡ ಲಾಭ ಗಂಧಕದ ವಿಷಯದಲ್ಲಿ. ಕೋಕ್‌ನಲ್ಲಿ ಗಂಧಕ ಸಾಮಾನ್ಯವಾಗಿ ಶೇ 0.5ಕ್ಕಿಂತ ಮೇಲಿರುತ್ತದೆ, ಇದ್ದಿಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕುಲುಮೆಯಿಂದ ಇಳಿಯುವ ಬೀಡು ಕಬ್ಬಿಣ ಶುದ್ಧ. ತೊಡಕೂ ಇತ್ತು. ಇದ್ದಿಲು ಮೆತ್ತಗಿನದು, ಮೇಲಿನ ಅದಿರಿನ ಭಾರಕ್ಕೆ ಪುಡಿಯಾಗುತ್ತದೆ. ಪುಡಿ ತುಂಬಿದರೆ ಕುಲುಮೆಯಲ್ಲಿ ಗಾಳಿ ಮೇಲೇರುವುದಿಲ್ಲ. ಕುಲುಮೆಯನ್ನು ಎತ್ತರಿಸುವುದಕ್ಕೆ ಮಿತಿ ಬರುವುದು ಇದರಿಂದಲೇ. ಒಂದು ಟನ್ ಕಬ್ಬಿಣಕ್ಕೆ ಸುಮಾರು 0.9 ಟನ್ ಇದ್ದಿಲು, ಅಷ್ಟು ಇದ್ದಿಲಿಗೆ ಹತ್ತಿರ ಹತ್ತಿರ 4 ಟನ್ ಸೌದೆ. ದಿನಕ್ಕೆ 60 ಟನ್ ಕಬ್ಬಿಣವೆಂದು ಲೆಕ್ಕ ಹಿಡಿದರೂ 240 ಟನ್ ಸೌದೆ! ಯಾವ ಕಾಡು ತಾಳೀತು?

ದುಡ್ಡಿನ ಲೆಕ್ಕವೂ ತಪ್ಪಿತು. ಬೀಡು ಕಬ್ಬಿಣದ ಬೆಲೆ ಇಳಿದಿತ್ತು. ಜರ್ಮನಿಯ ಕೃತಕ ಮೆಥನಾಲ್ ಪೇಟೆಗೆ ಬಂದ ಮೇಲೆ ಸೌದೆಯಿಂದ ತೆಗೆದದ್ದಕ್ಕೆ ಬೆಲೆ ಉಳಿಯಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕಾರ್ಖಾನೆಯನ್ನು ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡಿದರು. 1930ರ ದಶಕದಲ್ಲಿ ಉಕ್ಕು ಮತ್ತು ಸಿಮೆಂಟ್ ಬಂದವು. 1950ರ ದಶಕದಲ್ಲಿ ಜೋಗದ ವಿದ್ಯುತ್ ನಂಬಿ ವಿದ್ಯುತ್ ಕುಲುಮೆಗಳು ಬಂದವು. ಅಂಥ ಕುಲುಮೆಯಲ್ಲಿ ಶಾಖ ಕರೆಂಟಿನದು, ಇಂಗಾಲ ಬೇಕಾಗುವುದು ಅದಿರಿನಿಂದ ಆಮ್ಲಜನಕ ಕೀಳಲು ಮಾತ್ರ. ಆದರೆ ಟನ್ನಿಗೆ ಸುಮಾರು 2,500 ಯೂನಿಟ್ ನುಂಗುತ್ತದೆ. ಕರೆಂಟು ಅಗ್ಗವಾಗಿರುವವರೆಗೆ ಮಾತ್ರ ಆ ಆಟ.

1989ರಲ್ಲಿ ಕಾರ್ಖಾನೆ ಕೇಂದ್ರ ಸರ್ಕಾರದ ಉಕ್ಕು ಸಂಸ್ಥೆ ಸೇಲ್‌ನ ತೆಕ್ಕೆಗೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. 2022ರಲ್ಲಿ ಕೇಂದ್ರ ಸರ್ಕಾರ ಮಾರಾಟದ ಪ್ರಯತ್ನ ಕೈಬಿಟ್ಟಿತು. 2023ರ ಜನವರಿಯಲ್ಲಿ, ಕಾರ್ಖಾನೆಗೆ ನೂರು ತುಂಬುವ ಹೊತ್ತಿಗೇ, ಮುಚ್ಚುವ ತೀರ್ಮಾನ ಬಂತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ಆಗಸ್ಟ್‌ನಲ್ಲಿ ಉಕ್ಕಿನ ಸರಳು ಮಾಡುವ ಬಾರ್ ಮಿಲ್ ಮತ್ತೆ ತಿರುಗಿತು.

ಬಾರ್ ಮಿಲ್ ತಿರುಗಿದ್ದು ಸಂತೋಷವೇ. ನಿಂತ ಮಿಲ್ ಎಬ್ಬಿಸುವುದು ಸ್ವಿಚ್ ಒತ್ತಿದಷ್ಟು ಸುಲಭವಲ್ಲ. ಕಾಯಿಸುವ ಕುಲುಮೆಯ ಇಟ್ಟಿಗೆಗಳು ತೇವ ಹೀರಿರುತ್ತವೆ. ದಿನಗಟ್ಟಲೆ ನಿಧಾನವಾಗಿ ಶಾಖ ಏರಿಸಬೇಕು, ಅವಸರ ಮಾಡಿದರೆ ಒಳಗಿನ ನೀರು ಆವಿಯಾಗಿ ಇಟ್ಟಿಗೆ ಸಿಡಿಯುತ್ತದೆ. ಆಮೇಲೆ ಎರಕದ ಉಕ್ಕಿನ ದಪ್ಪ ತುಂಡುಗಳಾದ ಬ್ಲೂಮ್‌ಗಳನ್ನು 1,200 ಡಿಗ್ರಿಯ ಆಸುಪಾಸಿಗೆ ಕಾಯಿಸಿ ರೋಲಿಗೆ ಬಿಡಬೇಕು. ಮಿಶ್ರಲೋಹದ ಉಕ್ಕಾದರೆ ಆರಿಸುವಾಗಲೂ ಆತುರ ಸಲ್ಲದು, ಒಳಗೆ ಸೇರಿದ ಹೈಡ್ರೋಜನ್ ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಆದರೆ ಆ ಬ್ಲೂಮ್ ಬೇರೆ ಊರಿನಲ್ಲಿ ಎರಕವಾದದ್ದು. ಬಂದರೆ ಕೆಲಸ, ಬಾರದಿದ್ದರೆ ಮಿಲ್ ಖಾಲಿ. ಸಾಗಣೆಯ ಖರ್ಚು ಎರಡು ಸಲ: ತರಲೊಮ್ಮೆ, ಮಾರಲೊಮ್ಮೆ. ಇದನ್ನು ಪುನಶ್ಚೇತನ ಎನ್ನಲು ಮನಸ್ಸು ಒಪ್ಪುವುದಿಲ್ಲ. ಮೊದಲು ಸ್ವಂತ ಗಣಿಯಿಂದ ಅದಿರು ನಿರಂತರ ಬರಬೇಕು, ನಂತರ ಕರಗಿದ ಲೋಹ ಭದ್ರಾವತಿಯಲ್ಲೇ ಹರಿಯಬೇಕು. ದೊಡ್ಡ ಕುಲುಮೆಯೇ ಆಗಬೇಕೆಂದಿಲ್ಲ. ಗುಜರಿ ಕರಗಿಸುವ ಎಲೆಕ್ಟ್ರಿಕ್ ಆರ್ಕ್ ಕುಲುಮೆಯೂ ವಿಶೇಷ ಉಕ್ಕಿಗೆ ಸಾಕು, ಕರೆಂಟಿನ ದರ ನಿಗದಿಯಾಗಿದ್ದರೆ. ರೈಲ್ವೆ ಮತ್ತು ರಕ್ಷಣಾ ಇಲಾಖೆಗೆ ಬೇಕಾದ ಉಕ್ಕಿನಲ್ಲಿ ಪಳಗಿದ ಕೈಗಳು ಊರಲ್ಲಿ ಇನ್ನೂ ಇವೆ. ಮಿಲ್ ತಿಂಗಳುಗಟ್ಟಲೆ ನಿಂತಷ್ಟೂ ಅವರಲ್ಲಿ ಒಬ್ಬೊಬ್ಬರೇ ಬೇರೆ ಊರಿನ ಬಸ್ಸು ಹತ್ತುತ್ತಾರೆ.